ಬರೀ ನೀರು ಹಾಕಬೇಕಾಗಿದ್ದ ಅರ್ಧ ರಸ್ತೆ

ಎಡಗೈಯಲ್ಲಿ ಪೊರಕೆ ಹಿಡಿಯುವವರ ಪಕ್ಕ ನಿಂತು ಬಲಗೈಯಲ್ಲಿ ಹಿಡಿಯುವವರು ಗುಡಿಸಲಾರರು. ಪೊರಕೆಗೆ ಪೊರಕೆ ಬಡಿಯುತ್ತದೆ. ಇವರು ಒಟ್ಟಿದ್ದನ್ನು ಅವರು ಚೆದುರಿಸುತ್ತಾರೆ, ಅವರು ಒಟ್ಟಿದ್ದನ್ನು ಇವರು. ಹತ್ತು ಮಾರು ಸಾಗುವಷ್ಟರಲ್ಲಿ ರಸ್ತೆ ಇದ್ದ ಹಾಗೇ ಇರುತ್ತದೆ, ಇಬ್ಬರ ಬಾಯಿ ಮಾತ್ರ ಜೋರಾಗಿರುತ್ತದೆ. ನಮ್ಮೂರಿನಲ್ಲಿ ರಸ್ತೆ ಗುಡಿಸುವವರ ಪೈಕಿ ಒಬ್ಬ ಹೆಂಗಸು ಹೀಗೆ ಎಡಗೈಯಲ್ಲಿ ಗುಡಿಸುವವರು. ಬೆಳಗ್ಗೆ ಹೆಸರು ಕೂಗಿ, ಯಾರು ಯಾವ ರಸ್ತೆಗೆ ಎಂದು ಹಂಚುವ ಹಾಜರಿ ಮೇಸ್ತ್ರಿ ಅವರನ್ನು ಮೊದಲ ವಾರದಲ್ಲೇ ಮೂರು ಜನರ ಜೊತೆ ಹಾಕಿ ನೋಡಿ, ಮೂರೂ ಸಲ ಜಗಳ ಬಿಡಿಸಿ, ಕೊನೆಗೆ ಕೈಮುಗಿದನಂತೆ. “ತಾಯಿ, ನಿನಗೆ ಒಂದು ರಸ್ತೆ ಪೂರ್ತಿ ಬರ್ಕೊಟ್ಟೆ. ಒಬ್ಬಳೇ ರಾಣಿ ಹಾಗೆ ಗುಡಿಸ್ಕೋ.”

ಕೊಟ್ಟದ್ದು ಯಾರಿಗೂ ಬೇಡವಾದ ರಸ್ತೆ: ಬಸ್ ಡಿಪೋ ಗೇಟಿನಿಂದ ಹಳ್ಳದ ಸೇತುವೆಯವರೆಗಿನ ಗ್ಯಾರೇಜು ಬೀದಿ. ಅವತ್ತಿನಿಂದ ಅವರ ಹೆಸರು ಎಡಚಕ್ಕ. ಹದಿನಾಲ್ಕು ವರ್ಷ ಆ ಬೀದಿಯನ್ನು ಅವರೊಬ್ಬರೇ ಆಳಿದರು.

ಅವರ ಬಗ್ಗೆ ಬರೆಯುವಾಗ ಈಗ ಬಹುವಚನ ಬಳಸುತ್ತಿದ್ದೇನೆ. ಇದು ಈಚೆಗೆ ಬಂದ ಬುದ್ಧಿ. ಮೊದಲೆಲ್ಲ ‘ಅಕ್ಕಾ’ ಎಂದು ಕರೆದು, ಹಿಂದೆಯೇ ‘ಬಾ, ಹೋಗು, ಇಲ್ಲಿ ಹಾಕು’ ಅನ್ನುತ್ತಿದ್ದೆ. ಒಂದು ಕೈಯಲ್ಲಿ ಕೊಟ್ಟ ಮರ್ಯಾದೆಯನ್ನು ಇನ್ನೊಂದು ಕೈಯಲ್ಲಿ ವಾಪಸ್ ತೆಗೆದುಕೊಳ್ಳುವ ಈ ವಿದ್ಯೆಯನ್ನು ನಮ್ಮಂಥ ಆಫೀಸಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಾನು ನಗರದ ಧೂಳನ್ನು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಸಹಾಯಕ. ಊರವರೆಲ್ಲ ಬಿಟ್ಟಿಯಾಗಿ ತಿನ್ನುವ ಧೂಳಿಗೆ ನನಗೆ ಸಂಬಳ ಬರುತ್ತದೆ. ರಸ್ತೆಗಳಿಂದ ಧೂಳು ತಂದು, ಜರಡಿ ಹಿಡಿದು, ಪೊಟ್ಟಣ ಕಟ್ಟಿ, ಚೀಟಿ ಅಂಟಿಸಿ ಬೀರುವಿನಲ್ಲಿ ಜೋಡಿಸುವುದು ನನ್ನ ಕೆಲಸ. “ಮನೇಲಿ ಕಪಾಟಿನ ಧೂಳು ಒರೆಸಿ ಅಂದ್ರೆ ಆಗಲ್ಲ, ಊರಿನ ಧೂಳನ್ನ ಮಾತ್ರ ಕಪಾಟಲ್ಲಿ ಇಟ್ಕೊಂಡು ಪೂಜೆ ಮಾಡ್ತೀರಿ,” ಎಂದು ನನ್ನ ಹೆಂಡತಿ ಇಪ್ಪತ್ತೈದು ವರ್ಷದಿಂದ ಹೇಳುತ್ತಿದ್ದಾಳೆ.

ಗ್ಯಾರೇಜು ಬೀದಿಯ ಧೂಳು ಬೇರೆ ರಸ್ತೆಗಳ ಧೂಳಿನ ಹಾಗೆ ಹಾರುವುದಿಲ್ಲ. ಲಾರಿ, ಬಸ್ಸುಗಳಿಂದ ತೊಟ್ಟಿಕ್ಕಿದ ಎಂಜಿನ್ ಆಯಿಲು, ಡೀಸೆಲು, ಗ್ರೀಸು ಎಲ್ಲ ಕುಡಿದು ಅದು ಕಪ್ಪಗೆ, ಎಣ್ಣೆ ಜಾಸ್ತಿಯಾದ ಹಿಟ್ಟಿನ ಹಾಗೆ ಉಂಡೆ ಕಟ್ಟುತ್ತದೆ. ಪೊರಕೆಯ ಕಡ್ಡಿಗಳು ಒಂದಕ್ಕೊಂದು ಅಂಟಿ ಜಡೆಯಾಗುತ್ತವೆ. ಬೇರೆಯವರಿಗೆ ಎರಡು ತಿಂಗಳು ಬರುವ ಪೊರಕೆ ಎಡಚಕ್ಕನಿಗೆ ಮೂರೇ ವಾರ. ಮಳೆ ಬಂದರೆ ಆ ಎಣ್ಣೆ ಬಣ್ಣಬಣ್ಣವಾಗಿ ಹರಿದು ಹಳ್ಳ ಸೇರುತ್ತದೆ. ಬಿಸಿಲು ಬಂದರೆ ನುಣ್ಣಗೆ ಪುಡಿಯಾಗಿ ನಮ್ಮ ಮೂಗು ಸೇರುತ್ತದೆ. ಸಾಲದ್ದಕ್ಕೆ ಎಡಚಕ್ಕನ ಗಂಡ ಅದೇ ಬೀದಿಯ ಗ್ಯಾರೇಜಿನಲ್ಲಿ ಲಾರಿ ಮೆಕ್ಯಾನಿಕ್. “ಅವರು ಚೆಲ್ತಾರೆ, ನಾನು ಬಳಿತೀನಿ. ಸಂಸಾರ ಅಂದ್ರೆ ಇನ್ನೇನು ಸಾರ್,” ಎನ್ನುವರು.

ನಮ್ಮ ಲ್ಯಾಬಿನ ಮುಖ್ಯಸ್ಥೆಯನ್ನು ನಾವು ಮೇಡಂ ಅನ್ನುತ್ತೇವೆ. ನನಗಿಂತ ಹದಿನೈದು ವರ್ಷ ಚಿಕ್ಕವರು, ಹದಿನೈದು ಪಟ್ಟು ಹೆಚ್ಚು ಓದಿದವರು. ಅವರು ಎರಡು ವರ್ಷ ಕುಳಿತು ಅಂಟುವಾಳದ ಕಾಯಿಯಿಂದ ಒಂದು ರಸ ತೆಗೆದಿದ್ದರು. ಅಂಟುವಾಳ ಗೊತ್ತಲ್ಲ, ನೆನೆಸಿ ಕಿವುಚಿದರೆ ಸೋಪಿನ ಹಾಗೆ ನೊರೆ ಬರುತ್ತದೆ. ಈ ರಸವನ್ನು ನೀರಿಗೆ ಬೆರೆಸಿ, ಹರಿದುಹೋಗದಷ್ಟು, ನೆಲ ನೆನೆಯುವಷ್ಟೇ ಚಿಮುಕಿಸಿದರೆ, ಧೂಳಿನ ಕಣಕ್ಕೆ ಅಂಟಿದ ಎಣ್ಣೆ ಸಡಿಲವಾಗುತ್ತದೆ. ಸಡಿಲವಾದ ಎಣ್ಣೆಯನ್ನು ಮಣ್ಣಿನಲ್ಲೇ ಇರುವ ಕಣ್ಣಿಗೆ ಕಾಣದ ಜೀವಿಗಳು ತಿಂದು ಮುಗಿಸುತ್ತವೆ ಎಂಬುದು ಅವರ ಲೆಕ್ಕ. ಗಾಜಿನ ಬಟ್ಟಲಲ್ಲಿ ಲೆಕ್ಕ ಸರಿಯಾಗಿತ್ತು. ರಸ್ತೆಯಲ್ಲಿ ಸರಿಯಾಗುತ್ತದೋ ನೋಡಬೇಕಾಗಿತ್ತು.

ಅದಕ್ಕೆ ಗ್ಯಾರೇಜು ಬೀದಿಯನ್ನು ಎರಡು ಭಾಗ ಮಾಡಿದೆವು. ಡಿಪೋ ಗೇಟಿನಿಂದ ಟ್ರಾನ್ಸ್‌ಫಾರ್ಮರ್ ಕಂಬದವರೆಗೆ ರಸ ಬೆರೆಸಿದ ನೀರು. ಕಂಬದಿಂದ ಸೇತುವೆವರೆಗೆ ಬರೀ ನೀರು. ಮಂಗಳವಾರ, ಶುಕ್ರವಾರ ಬೆಳಗ್ಗೆ ಆರಕ್ಕೆ, ಹನ್ನೆರಡು ವಾರ. ತಳ್ಳುಗಾಡಿಯಲ್ಲಿ ಎರಡು ಡ್ರಮ್ಮು, ಹತ್ತು ಲೀಟರಿನ ಒಂದು ರಸದ ಕ್ಯಾನು, ಗಿಡಕ್ಕೆ ನೀರು ಹಾಕುವ ಜರಡಿ ಮೂತಿಯ ಡಬ್ಬಿ. ಬೆರೆಸಿ ಚಿಮುಕಿಸುವವರು ಎಡಚಕ್ಕ. ಪಕ್ಕದಲ್ಲಿ ನಿಂತು, ಕಣ್ಣಾರೆ ನೋಡಿ, ‘ನನ್ನ ಸಮಕ್ಷಮ’ ಎಂದು ಬರೆದು ಪುಸ್ತಕದಲ್ಲಿ ಸಹಿ ಹಾಕುವವನು ನಾನು.

ಮೊದಲ ದಿನ ಎಡಚಕ್ಕ ಕ್ಯಾನಿನ ಮುಚ್ಚಳ ತೆಗೆದು ಮೂಸಿ ನೋಡಿದರು.

“ಸಾರ್, ಇದು ಅಂಟುವಾಳದ ನೀರಲ್ವಾ? ನಮ್ಮನೆಯವರ ಪ್ಯಾಂಟು ನಾನು ಇದರಲ್ಲೇ ಒಗಿಯೋದು. ಇದನ್ನ ಕಂಡುಹಿಡಿಯೋಕೆ ಅಷ್ಟೊಂದು ಓದ್ಬೇಕಾ?”

“ನಿನಗೆ ಅದೆಲ್ಲ ತಿಳಿಯಲ್ಲ. ಹೇಳಿದಷ್ಟು ಮಾಡು.”

“ಆ ಕಡೆ ಯಾಕೆ ಬರೀ ನೀರು?”

“ಮೇಲಿನಿಂದ ಆರ್ಡರ್.”

ಕಾರಣ ಹೇಳಲು ಎರಡು ನಿಮಿಷ ಸಾಕಾಗಿತ್ತು. ನನಗೂ ಕಾರಣ ಗೊತ್ತಿತ್ತು. ಆದರೆ ಪೊರಕೆ ಹಿಡಿದವರಿಗೆ ವಿಜ್ಞಾನ ಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ತಿಳಿದಿದ್ದ ಕೋಣ ನಾನು.

ಮೊದಲ ದಿನ ನಿಂತೆ. ಎರಡನೇ ದಿನವೂ ನಿಂತೆ, ಆಕಳಿಸುತ್ತ. ಮೂರನೇ ದಿನ ಡಿಪೋ ಗೇಟಿನ ಮೂಲೆಯ ಟೀ ಅಂಗಡಿಯವನು ಬೆಂಚು ಒರೆಸಿ, “ಬನ್ನಿ ಸಾರ್, ಇಲ್ಲಿಂದಾನೂ ಕಾಣುತ್ತೆ,” ಎಂದ. ಅಲ್ಲಿಂದ ಕಾಣುತ್ತಿದ್ದದ್ದು ಅವನ ಪಾತ್ರೆ ಮತ್ತು ಡಿಪೋದ ಗೋಡೆ. ಎರಡು ಟೀ, ಒಂದು ಪತ್ರಿಕೆ, ಅಷ್ಟರಲ್ಲಿ ತಳ್ಳುಗಾಡಿ ವಾಪಸ್ ಬರುತ್ತಿತ್ತು. “ಆಯ್ತಾ ಅಕ್ಕಾ?” “ಆಯ್ತು ಸಾರ್.” ನನ್ನ ಸಮಕ್ಷಮ, ಸಹಿ. ಇಪ್ಪತ್ತನಾಲ್ಕು ಸಲ ಚಿಮುಕಿಸಿದ್ದರಲ್ಲಿ ನನ್ನ ಸಮಕ್ಷಮ ಆದದ್ದು ಎರಡು. ಸಹಿ ಇಪ್ಪತ್ತನಾಲ್ಕು. ಒಂದಕ್ಕಿಂತ ಒಂದು ದುಂಡಗೆ.

ಹನ್ನೆರಡು ವಾರ ಮುಗಿದು ಧೂಳಿನ ಪರೀಕ್ಷೆಯೂ ಮುಗಿದ ದಿನ ಮೇಡಂ ನನ್ನನ್ನು ಒಳಗೆ ಕರೆದರು. ಎದುರಿಗೆ ಒಂದೇ ಹಾಳೆ. ಶುರುವಿನಲ್ಲಿ ಆ ಬೀದಿಯ ಒಂದು ಕಿಲೋ ಧೂಳಿನಲ್ಲಿ ಹದಿನೆಂಟು ಗ್ರಾಂ ಎಣ್ಣೆ ಇತ್ತು. ಈಗ ರಸ ಹಾಕಿದ ಕಡೆ ಹನ್ನೆರಡು. ಬರೀ ನೀರು ಹಾಕಿದ ಕಡೆಯೂ ಹನ್ನೆರಡು.

“ನಲ್ಲಿ ನೀರು ಮಾಡೋ ಕೆಲಸಕ್ಕೆ ನಾನು ಎರಡು ವರ್ಷ ಕಾಯಿ ಕುದಿಸಿದೆ,” ಎಂದರು. ನಗಲು ನೋಡಿದರು, ಆಗಲಿಲ್ಲ. ಆಮೇಲೆ ಕೇಳಿದರು, “ನೀವು ಪ್ರತಿ ಸಲ ಅಲ್ಲೇ ಇದ್ರಲ್ವಾ?”

“ಇದ್ದೆ ಮೇಡಂ.”

ಎಷ್ಟು ಸಲೀಸಾಗಿ ಜಾರಿತು ಆ ಮಾತು! ಅಂಟುವಾಳದ ರಸಕ್ಕೂ ಅಷ್ಟು ಜಾರುವ ಗುಣ ಇಲ್ಲ.

ಸೀದಾ ಗ್ಯಾರೇಜು ಬೀದಿಗೆ ಹೋದೆ. ಎಡಚಕ್ಕ ಕಂಬದ ಹತ್ತಿರ ಕಸ ತುಂಬುತ್ತಿದ್ದರು. ನಾನು ಕೇಳುವುದನ್ನೇ ಕಾಯುತ್ತಿದ್ದವರ ಹಾಗೆ ಹೇಳಿದರು.

“ಕಂಬ ದಾಟಿದ ಮೇಲೆ ಶಿಶುವಿಹಾರ ಇದೆ ಸಾರ್. ಮೂವತ್ತು ಕೂಸುಗಳು. ಬಾಗಿಲು ತೆಗೆದ್ರೆ ಸಾಕು, ರಸ್ತೆ ಅಂಚಲ್ಲೇ ಕೂತು ಧೂಳಲ್ಲಿ ಆಡ್ತವೆ, ಅದೇ ಕೈನ ಬಾಯಿಗೆ ಇಟ್ಕೊಳ್ತವೆ. ಲಾರಿ ನಿಲ್ಲೋ ಕಡೆಗೆ ಔಷಧಿ, ಕೂಸು ಆಡೋ ಕಡೆಗೆ ಬರೀ ನೀರು! ಇದ್ಯಾವ ನ್ಯಾಯ? ಪಂಕ್ತಿಭೇದ ಮಾಡಬಾರದು ಸಾರ್. ಕ್ಯಾನಲ್ಲಿ ಅರ್ಧ ಈ ಡ್ರಮ್ಮಿಗೆ, ಅರ್ಧ ಆ ಡ್ರಮ್ಮಿಗೆ. ನೀವು ನಿಂತಿದ್ದ ಎರಡು ದಿನ ಮಾತ್ರ ಆಗ್ಲಿಲ್ಲ. ಆಮೇಲೆ ಒಂದೇ ಒಂದು ದಿನ ತಪ್ಪಿಸಿಲ್ಲ.”

ಮುಖದಲ್ಲಿ ಅಂಥ ಹೆಮ್ಮೆ. ಶಭಾಷ್ ಅನ್ನಿಸಿಕೊಳ್ಳಲು ಮೂರು ತಿಂಗಳಿಂದ ಕಾದವರ ಮುಖ.

ಆ ನಿಮಿಷದಲ್ಲೇ ನಾನು ಮಾಡಬೇಕಾದದ್ದು ಏನೆಂದು ಯಾರಿಗಾದರೂ ಗೊತ್ತಾಗುತ್ತದೆ. ಮೇಡಂ ಹತ್ತಿರ ಹೋಗಿ, “ತಪ್ಪು ನನ್ನದು, ನಾನು ಅಲ್ಲಿರಲಿಲ್ಲ,” ಅನ್ನಬೇಕಿತ್ತು. ನಾನು ಹೋದದ್ದೇನೋ ಹೋದೆ. ಕ್ಯಾನನ್ನು ಅವರು ಅರ್ಧ ಮಾಡಿದ ಹಾಗೆ ನಾನು ಸತ್ಯವನ್ನು ಅರ್ಧ ಮಾಡಿ, ಅವರ ಪಾಲಿನದನ್ನು ಮಾತ್ರ ಮೇಡಂ ಮುಂದೆ ಸುರಿದೆ. “ನಾನು ಆ ಕಡೆ ತಿರುಗಿದಾಗ ಮಾಡಿರಬೇಕು ಮೇಡಂ.”

“ಅಷ್ಟೂ ಸಲ ತಿರುಗಿದ್ರಾ?”

ಮೇಡಂ ಎಡಚಕ್ಕನನ್ನು ಕರೆಸಿದರು. ಎಡಚಕ್ಕ ಚಪ್ಪಲಿ ಹೊರಗೆ ಬಿಟ್ಟು ಬಂದು ನಿಂತರು. ಕೋಣೆಯಲ್ಲಿ ನಾವು ಮೂವರೇ. ಮೇಡಂ ಕೇಳಿದರು, “ನೀವು ಅರ್ಧರ್ಧ ಹಾಕುವಾಗ ಇವರು ಎಲ್ಲಿದ್ದರು?” ಎಡಚಕ್ಕ ನನ್ನ ಕಡೆ ನೋಡಿದರು. ನಾನು ಗೋಡೆಯ ಗಡಿಯಾರ ನೋಡಿದೆ. ನನ್ನ ಮುಖದಲ್ಲಿ ಅವರಿಗೆ ಏನು ಕಂಡಿತೋ!

“ಸಾರ್ ಪ್ರತಿ ಸಲಾನೂ ನಿಂತಿದ್ರು ಮೇಡಂ. ಅವರಿಗೆ ಕಾಣದ ಹಾಗೆ ನಾನೇ ಹಾಕಿದ್ದು.”

ನನ್ನ ಉಸಿರು ವಾಪಸ್ ಬಂತು. ನಾಚಿಕೆಯಾಗಲಿಲ್ಲವೇ ಎಂದು ಕೇಳಬೇಡಿ. ಮೊದಲು ಸಮಾಧಾನವಾಯಿತು. ನಾಚಿಕೆ ಹಿಂದಿನ ಬಸ್ಸಿಗೆ ಬಂತು.

ಮೇಡಂ ಫೈಲು ಮುಚ್ಚಿದರು. ಎಡಚಕ್ಕನನ್ನು ಬೀದಿಯಿಂದ ತೆಗೆದು ಡಿಪೋದಲ್ಲಿ ಬಸ್ಸಿನ ಅಡಿಯ ಗುಂಡಿ ತೊಳೆಯಲು ಹಾಕಿ ಎಂದು ಮೇಸ್ತ್ರಿಗೆ ಚೀಟಿ ಹೋಯಿತು. ಮೆಕ್ಯಾನಿಕ್‌ಗಳು ಇಳಿದು ನಿಂತು ಬಸ್ಸಿನ ಹೊಟ್ಟೆ ಬಿಚ್ಚುವ ಆ ಗುಂಡಿಯಲ್ಲಿ ಮೊಣಕಾಲುದ್ದ ಎಣ್ಣೆ ರಾಡಿ. ಮೇಸ್ತ್ರಿ ಆ ಚೀಟಿಯನ್ನು ಹಾಜರಿಯಲ್ಲಿ, ನಲವತ್ತು ಜನರ ಮುಂದೆ ಓದಿದ. ಬರೀ ಓದಿದ್ದರೆ ಸಾಕಿತ್ತು. ತನ್ನದೂ ಒಂದು ಸಾಲು ಸೇರಿಸಿದ. “ಸಾಹೇಬರ ಕಣ್ಣು ತಪ್ಪಿಸಿ ಸರ್ಕಾರಿ ಔಷಧಿನ ಬೇರೆ ಕಡೆ ಸಾಗಿಸಿದ್ದಾಳೆ. ನಿಮಗೆಲ್ಲ ಇದೊಂದು ಪಾಠ.”

ಬೇರೆ ಕಡೆ ಅಂದರೆ ಎಲ್ಲಿ? ಊರಿಗೆ ಇಷ್ಟು ಸಾಕು. ಗಂಡ ಮೆಕ್ಯಾನಿಕ್, ಔಷಧಿ ಎಣ್ಣೆ ಬಿಡಿಸುವಂಥದ್ದು. ಎರಡು ದಿನದಲ್ಲಿ ಕಥೆ ರೆಡಿಯಾಯಿತು.

ನನಗೆ ಅದು ತಲುಪಿದ್ದು ಎರಡು ವಾರ ಬಿಟ್ಟು, ಟೀ ಅಂಗಡಿಯಲ್ಲಿ. “ಕೇಳಿದ್ರಾ ಸಾರ್? ಎಡಚಕ್ಕನ ಗಂಡನ ಪ್ಯಾಂಟು ಈಗ ಫಳಫಳ ಅಂತಂತೆ. ಮೂರು ತಿಂಗಳು ಸರ್ಕಾರಿ ಸೋಪಲ್ಲಿ ಒಗೆದಿದ್ದು!”

ನಾನು ನಕ್ಕೆ.

ಇದನ್ನು ಬರೆಯದೆ ಬಿಡಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಾತು ತಮಾಷೆಯಾಗಿ ಜೋಡಿಸಿತ್ತು, ತಮಾಷೆಗೆ ನಗುವುದು ನನ್ನ ಹಳೆಯ ಚಟ, ಬಾಯಿ ತೆರೆದು ನಕ್ಕುಬಿಟ್ಟೆ. ನಕ್ಕ ಮೇಲೆ ಅರ್ಧ ಕುಡಿದ ಟೀ ಬೆಂಚಿನ ಮೇಲಿಟ್ಟೆ. ‘ಕಾಣದ ಹಾಗೆ’ ಎಂದು ಅವರು ಹೇಳಿದ್ದು ನನ್ನನ್ನು ಉಳಿಸಲು. ಕಳ್ಳಿ ಎಂಬ ಹೆಸರು ಬಂದದ್ದು ಆ ಮಾತಿನಿಂದಲೇ.

ಮನೆಗೆ ಹೋದರೆ ಹೆಂಡತಿ, “ಯಾಕೆ, ಹರಳೆಣ್ಣೆ ಕುಡಿದೋರ ಹಾಗಿದೆ ಮುಖ?” ಎಂದಳು. ಎಲ್ಲ ಹೇಳಿದೆ. ಅವಳು ನನಗೆ ಬೈಯಲಿಲ್ಲ. ಬೈದಿದ್ದರೆ ಸುಧಾರಿಸಿಕೊಳ್ಳುತ್ತಿದ್ದೆ. ಹೋಗಿ ನನ್ನ ಚಪ್ಪಲಿಯನ್ನು ಬಾಗಿಲ ಕಡೆ ತಿರುಗಿಸಿಟ್ಟಳು.

ಎಡಚಕ್ಕನ ಮನೆ ಒಂದು ಕೋಣೆ, ಒಂದು ಅಡುಗೆ ಮೂಲೆ, ಹಿಂದೆ ಒಗೆಯುವ ಕಲ್ಲು. ಗಂಡ ನನ್ನನ್ನು ನೋಡಿ ಇದ್ದ ಒಂದೇ ಕುರ್ಚಿಯಿಂದ ಎದ್ದು ಹೊರಗೆ ಹೋಗಿ ನಿಂತರು. ಅವರ ಪ್ಯಾಂಟಿನ ಮೊಣಕಾಲಿನಲ್ಲಿ ಅಂಗೈಯಗಲದ ಕಪ್ಪು ಕಲೆ ಇತ್ತು. ಫಳಫಳ ಏನೂ ಇರಲಿಲ್ಲ. ನಾನು ನೋಡಿದ್ದನ್ನು ಎಡಚಕ್ಕ ನೋಡಿದರು.

“ನಿಮಗೂ ತಲುಪಿತಾ ಕಥೆ? ಅದಕ್ಕೇ ಅಂಟುವಾಳ ತರೋದೇ ಬಿಟ್ಟೆ ಸಾರ್. ಬಟ್ಟೆ ಸ್ವಲ್ಪ ಬೆಳ್ಳಗಾದ್ರೂ, ನೋಡು ಕದ್ದಿದ್ದು ಅಂತಾರೆ. ಇವರು ಗ್ಯಾರೇಜಿಗೆ ಹೋದ್ರೆ ಅಲ್ಲೂ ನಗ್ತಾರೆ.”

“ನೀವು ಯಾಕೆ ಹಾಗೆ ಹೇಳಿದ್ರಿ ಅಕ್ಕಾ? ನಾನು ಅಲ್ಲಿ ಇರಲಿಲ್ಲ ಅಂತ ಹೇಳಬಹುದಿತ್ತಲ್ಲ.”

“ನನ್ನ ರಸ್ತೆ ಹೋದ್ರೆ ಇನ್ನೊಂದು ರಸ್ತೆ ಕೊಡ್ತಾರೆ. ನಿಮ್ಮ ಕುರ್ಚಿ ಹೋದ್ರೆ ಇನ್ನೊಂದು ಕುರ್ಚಿ ಕೊಡ್ತಾರಾ? ನಿಮಗೆ ಬೇರೆ ಕೆಲಸಾನೂ ಬರಲ್ಲ, ಪಾಪ.”

ಆ ‘ಪಾಪ’ ಚುಚ್ಚುಮಾತಾಗಿರಲಿಲ್ಲ. ಅವರಿಗೆ ನಿಜವಾಗಿಯೂ ನನ್ನ ಮೇಲೆ ಕನಿಕರ ಇತ್ತು. ಕುರ್ಚಿಯಲ್ಲಿ ಕೂತಿದ್ದವನು ಇನ್ನಷ್ಟು ಕೆಳಗೆ ಇಳಿಯಲು ಜಾಗ ಇದೆಯೇ ಎಂದು ನೋಡಿದೆ.

ಆಮೇಲೆ ಅವರೇ ಕೇಳಿದರು, “ಅದಿರಲಿ, ನನ್ನಿಂದ ಏನು ಕೆಟ್ಟಿತು ಸಾರ್? ಎರಡು ಕಡೆಗೂ ಹಾಕಿದ್ರೆ ಒಳ್ಳೇದೇ ಅಲ್ವಾ? ಯಾರೂ ಹೇಳ್ತಾ ಇಲ್ಲ.”

ಮೊದಲ ದಿನ ಹೇಳಬೇಕಾಗಿದ್ದನ್ನು ನಾಲ್ಕು ತಿಂಗಳ ಮೇಲೆ ಹೇಳಿದೆ. ಧೂಳಿನ ಎಣ್ಣೆ ಕಡಿಮೆಯಾದದ್ದು ರಸದಿಂದಲೋ, ನೀರು ಬಿದ್ದದ್ದರಿಂದಲೋ, ಹವೆ ಬದಲಾದದ್ದರಿಂದಲೋ ಗೊತ್ತಾಗಬೇಕಾದರೆ ಒಂದು ಕಡೆ ರಸ ಇರಬಾರದು, ಮಿಕ್ಕಿದ್ದೆಲ್ಲ ಒಂದೇ ಸಮ ಇರಬೇಕು ಎಂದೆ.

ಅವರು ಹಿಂದಿನ ಒಗೆಯುವ ಕಲ್ಲಿನ ಕಡೆ ನೋಡಿದರು. “ಅಂದ್ರೆ ಪ್ಯಾಂಟಿನ ಒಂದು ಕಾಲು ಅಂಟುವಾಳದಲ್ಲಿ, ಇನ್ನೊಂದು ಕಾಲು ಬರೀ ನೀರಲ್ಲಿ ಒಗೆದು, ಪಕ್ಕಪಕ್ಕ ಒಣಗಿಸಿ ನೋಡಿದ ಹಾಗೆ.”

“ಹಾಗೇ.”

“ಇಷ್ಟೇನಾ?”

“ಇಷ್ಟೇ.”

“ಅಯ್ಯೋ ನಿಮ್ಮ! ಇದನ್ನ ಅವತ್ತೇ ಹೇಳಿದ್ರೆ ಆ ನೀರಿನ ಡ್ರಮ್ಮಿಗೆ ನೊಣ ಬೀಳದ ಹಾಗೆ ಕಾಯ್ತಿದ್ದೆನಲ್ಲ ಸಾರ್! ಕೂಸುಗಳ ಕಡೆಗೇ ಔಷಧಿ ಹಾಕಿ, ಲಾರಿ ಕಡೆಗೆ ನೀರು ಹಾಕೋಣ ಅಂತ ನಾನೇ ಹೇಳ್ತಿದ್ದೆ. ಎರಡೂ ಆಗ್ತಿತ್ತು.”

ಎರಡೂ ಆಗುತ್ತಿತ್ತು. ಇಷ್ಟು ಸುಲಭದ್ದು ನಮ್ಮ ಲ್ಯಾಬಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ನಾವು ಯಾರೂ ಆ ಬೀದಿಯಲ್ಲಿ ಕೂಸುಗಳನ್ನು ನೋಡಿರಲಿಲ್ಲ. ಟೀ ಅಂಗಡಿಯಿಂದ ಶಿಶುವಿಹಾರ ಕಾಣುವುದಿಲ್ಲ.

ನಾನು ಎದ್ದು ಹೊರಡುವಾಗ ಅವರು ಇನ್ನೊಂದು ಮಾತು ಹೇಳಿದರು. “ಸೇತುವೆ ಆಚೆ ರಸ್ತೆಗೆ ಯಾರೂ ಏನೂ ಹಾಕಿಲ್ಲವಲ್ಲ ಸಾರ್. ಅದೇ ಲಾರಿಗಳು ಅಲ್ಲೂ ಹೋಗೋದು. ಅಲ್ಲಿ ಗುಡಿಸೋರ ಪೊರಕೆ ಈಗಲೂ ಜಡೆ ಕಟ್ಟುತ್ತೆ. ನನ್ನದು ಎರಡು ತಿಂಗಳಿಂದ ಕಟ್ಟಿರ್ಲಿಲ್ಲ. ಔಷಧಿ ಕೆಲಸ ಮಾಡಿಲ್ಲ ಅಂತ ಯಾರು ಹೇಳಿದ್ದು?”

ಸೇತುವೆ ಆಚೆಯ ಧೂಳು ನನ್ನ ಬೀರುವಿನಲ್ಲೇ ಇತ್ತು. ಊರಿನ ಎಲ್ಲ ರಸ್ತೆಗಳಿಂದ ತಿಂಗಳಿಗೊಮ್ಮೆ ತರುವ ವಾಡಿಕೆಯ ಪೊಟ್ಟಣಗಳು, ಚೀಟಿ ಸಮೇತ. ಆದರೆ ಅದನ್ನು ಹೊರಗೆ ತೆಗೆಯಬೇಕಾದರೆ, ಎರಡೂ ಭಾಗಕ್ಕೆ ಯಾವಾಗಿನಿಂದ ಎಷ್ಟು ರಸ ಬಿತ್ತು ಎಂದು ಬರೆದುಕೊಡಬೇಕು. ಅದನ್ನು ಬರೆಯಬೇಕಾದರೆ ನನ್ನ ಇಪ್ಪತ್ತೆರಡು ಸಹಿ ಸುಳ್ಳು ಎಂದೂ ಬರೆಯಬೇಕು. ಮಾರನೆಯ ದಿನ ಬರೆದೆ. ಮೂರು ಸಲ ಹರಿದು ನಾಲ್ಕನೇ ಸಲ ಬರೆದೆ. ಮೊದಲ ಮೂರರಲ್ಲಿ ನನಗೆ ಬೆನ್ನುನೋವು ಇತ್ತು, ಬಿಸಿಲಿತ್ತು, ಮೇಲಧಿಕಾರಿಗಳ ಫೋನಿತ್ತು. ನಾಲ್ಕನೆಯದರಲ್ಲಿ ಟೀ ಮಾತ್ರ ಇತ್ತು.

ಮೇಡಂ ನಿಂತೇ ಓದಿದರು. “ನನ್ನ ಎರಡು ವರ್ಷವನ್ನ ನೀವು ಬೆಂಚಿನ ಮೇಲೆ ಕೂತು ಕುಡಿದುಬಿಟ್ರಿ,” ಎಂದರು. ಹಾಳೆಯನ್ನು ಮೇಜಿನ ಮೇಲಿಟ್ಟು, “ಪೊಟ್ಟಣ ತನ್ನಿ. ಧೂಳಿಗೆ ಸುಳ್ಳು ಹೇಳೋಕೆ ಬರಲ್ಲ.”

ಸೇತುವೆ ಆಚೆ ಶುರುವಿನ ತಿಂಗಳ ಪೊಟ್ಟಣದಲ್ಲಿ ಕಿಲೋಗೆ ಹದಿನೆಂಟು ಗ್ರಾಂ, ಕೊನೆಯ ತಿಂಗಳದರಲ್ಲಿ ಹದಿನೇಳೂವರೆ. ಅಲ್ಲಿ ಎಣ್ಣೆ ಕಡಿಮೆಯೇ ಆಗಿರಲಿಲ್ಲ ಅನ್ನಬೇಕು. ಅಂದರೆ ಗ್ಯಾರೇಜು ಬೀದಿಯಲ್ಲಿ ಇಳಿದದ್ದು ಹವೆಯಿಂದಲ್ಲ, ಅರ್ಧ ಪ್ರಮಾಣದ ರಸವೂ ಏನೋ ಮಾಡಿರಬಹುದು. ನೀರೊಂದೇ ಎಷ್ಟು ಮಾಡುತ್ತದೆ ಎಂಬುದು ಇನ್ನೂ ಗೊತ್ತಿಲ್ಲ, ಅದಕ್ಕೆ ಹೊಸದಾಗಿ ಹನ್ನೆರಡು ವಾರ ಬೇಕು. ಮೇಡಂ ಮುಖದಲ್ಲಿ ಬಣ್ಣ ಬಂತು, ನನ್ನನ್ನು ನೋಡಿದ ಕೂಡಲೇ ಹೋಯಿತು. ನನಗೆ ಬರಬೇಕಾಗಿದ್ದ ಬಡ್ತಿ ನಿಂತಿತು, ಎಚ್ಚರಿಕೆಯ ಪತ್ರ ಬಂತು. ಎಡಚಕ್ಕನನ್ನು ಅದೇ ಬೀದಿಗೆ ವಾಪಸ್ ಕಳಿಸಬೇಕೆಂಬ ಆದೇಶವೂ ಬಂತು. ಆ ಆದೇಶ ಹಿಡಿದು ನಾನೇ ಡಿಪೋಗೆ ಓಡಿದೆ. ಒಳ್ಳೆಯ ಸುದ್ದಿ ಹೊತ್ತವನ ಗತ್ತು ಕಾಲಿಗೆ ಬಂದುಬಿಟ್ಟಿತ್ತು, ನೋಡಿ, ಎಷ್ಟು ಬೇಗ!

ಎಡಚಕ್ಕ ಗುಂಡಿಯೊಳಗಿದ್ದರು. ಅವರ ತಲೆ ನನ್ನ ಬೂಟಿನ ಮಟ್ಟಕ್ಕೆ ಇತ್ತು. ನಾನು ಕುಕ್ಕರಗಾಲಲ್ಲಿ ಕೂತು ಎಲ್ಲ ಹೇಳಿದೆ.

“ಎಲ್ಲ ಬರೆದುಕೊಟ್ಟಿದ್ದೀನಿ ಅಕ್ಕಾ. ಫೈಲಲ್ಲಿ ಇದೆ. ನಿಮ್ಮದು ಏನೂ ತಪ್ಪಿಲ್ಲ ಅಂತ.”

ಅವರು ಬ್ರಷ್ಷನ್ನು ಗೋಡೆಗೆ ಒರಗಿಸಿದರು. “ಫೈಲಲ್ಲಿ ಬರೆದ್ರಾ? ನಮ್ಮೋರು ಫೈಲ್ ಓದ್ತಾರಾ ಸಾರ್? ನಮ್ಮನೆಯವರ ಗ್ಯಾರೇಜಲ್ಲಿ ಫೈಲ್ ಓದ್ತಾರಾ? ನನ್ನನ್ನ ಕಳ್ಳಿ ಮಾಡಿದ್ದು ಹಾಜರಿಯಲ್ಲಿ, ಎಲ್ಲರ ಮುಂದೆ. ಅಲ್ಲೇ ಬಂದು ಹೇಳಿ.”

“ಮೇಸ್ತ್ರಿಗೆ ಹೇಳಿ ಓದಿಸ್ತೀನಿ...”

“ಮೇಸ್ತ್ರಿ ಬೇಡ. ನೀವು. ಅಲ್ಲೀವರೆಗೆ ನಾನು ಈ ಗುಂಡಿ ಬಿಟ್ಟು ಬರಲ್ಲ. ಇಲ್ಲಿ ಎಣ್ಣೆ ಜಾಸ್ತಿ, ಮಾತು ಕಡಿಮೆ.”

ಮಾರನೆಯ ಬೆಳಗ್ಗೆ ಐದೂವರೆಗೆ ಹಾಜರಿ ಅಂಗಳಕ್ಕೆ ಹೋದೆ. ತಗಡಿನ ಶೆಡ್ಡು, ಎದುರು ಸಿಮೆಂಟಿನ ಅಂಗಳ, ಒಂದು ದೀಪ. ನಲವತ್ತು ಜನ ಪೊರಕೆ ಊರಿಕೊಂಡು ನಿಂತಿದ್ದರು. ಎಡಚಕ್ಕ ಎಲ್ಲರಿಂದ ನಾಲ್ಕು ಹೆಜ್ಜೆ ಆಚೆ, ಒಬ್ಬರೇ. ಅವರ ಗಂಡ ಗೇಟಿನ ಹತ್ತಿರ ಸೈಕಲ್ ಹಿಡಿದು ನಿಂತಿದ್ದರು. ಮೇಸ್ತ್ರಿ, “ಸಾಹೇಬರು ಎರಡು ಮಾತು ಹೇಳ್ತಾರಂತೆ,” ಎಂದ.

ನಾನು ರಾತ್ರಿಯಿಡೀ ತಯಾರಿ ಮಾಡಿಕೊಂಡಿದ್ದೆ. ಮೊದಲು ಒಂದು ನಗೆಮಾತು ಹೇಳಿ ವಾತಾವರಣ ತಿಳಿಯಾಗಿಸಿ, ಆಮೇಲೆ ಮೆಲ್ಲಗೆ ವಿಷಯಕ್ಕೆ ಬರುವುದು ಎಂದು. “ನಿಮ್ಮನ್ನೆಲ್ಲ ನೋಡಿದ್ರೆ ನನಗೆ ಭಯ ಆಗುತ್ತೆ,” ಎಂದೆ, “ನಮ್ಮನೇಲಿ ಒಂದೇ ಪೊರಕೆ, ಇಲ್ಲಿ ನಲವತ್ತು.”

ಯಾರೂ ನಗಲಿಲ್ಲ. ದೂರದಲ್ಲಿ ಒಂದು ಬಸ್ಸು ಸ್ಟಾರ್ಟ್ ಆಗಲು ಗೊರಗೊರ ಅನ್ನುತ್ತಿತ್ತು.

“ತಮಾಷೆ ಆಮೇಲೆ ಸಾರ್,” ಎಂದರು ಎಡಚಕ್ಕ. “ಮೊದಲು ಹೇಳಿ.”

ಹೇಳಿದೆ. ಅವರು ಒಂದು ತೊಟ್ಟೂ ಮನೆಗೆ ಒಯ್ದಿಲ್ಲ, ಎಲ್ಲವನ್ನೂ ರಸ್ತೆಗೇ ಹಾಕಿದ್ದಾರೆ, ಮಕ್ಕಳ ಕಡೆಗೂ ಇರಲಿ ಎಂದು ಹಂಚಿ ಹಾಕಿದ್ದಾರೆ. ಹಾಗೆ ಮಾಡಬಾರದಿತ್ತು ಎಂದು ನಾನು ಅವರಿಗೆ ಹೇಳಿರಲಿಲ್ಲ. ಅವರು ಕೇಳಿದಾಗಲೂ ಹೇಳಲಿಲ್ಲ. ನನ್ನ ಕಣ್ಣು ತಪ್ಪಿಸಿ ಅವರು ಏನೂ ಮಾಡಿಲ್ಲ, ನನ್ನ ಕಣ್ಣು ಅಲ್ಲಿರಲೇ ಇಲ್ಲ. ನನ್ನನ್ನು ಉಳಿಸಲು ಅವರು ಸುಳ್ಳು ಹೇಳಿದರು, ನಾನು ಬಾಯಿ ಮುಚ್ಚಿಕೊಂಡಿದ್ದೆ. ಐದು ವಾಕ್ಯದ ವಿಷಯಕ್ಕೆ ಹದಿನೈದು ಸಲ ಗಂಟಲು ಸರಿಮಾಡಿಕೊಂಡೆ.

ಹಿಂದಿನ ಸಾಲಿನಿಂದ ಒಬ್ಬ ವಯಸ್ಸಾದ ಹೆಂಗಸು ಕೇಳಿದರು, “ಅಷ್ಟು ದಿನ ನೀವೆಲ್ಲಿದ್ರಿ ಹಾಗಾದ್ರೆ?”

“ಟೀ ಅಂಗಡಿಯಲ್ಲಿ.”

“ಮೂರು ತಿಂಗಳೂನಾ?”

“ಹೌದಮ್ಮಾ.”

“ಎಷ್ಟು ಟೀ ಕುಡಿದಿರಬೇಕು ಮಾರಾಯ,” ಎಂದು ಯಾರೋ ಅಂದರು. ಆಗ ನಗು ಬಂತು. ಸಣ್ಣಗೆ ಶುರುವಾಗಿ, ಶೆಡ್ಡಿನ ತಗಡು ಅದುರುವಷ್ಟು. ನಲವತ್ತು ಜನರನ್ನು ಒಟ್ಟಿಗೆ ನಗಿಸಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಕಿವಿ ಸುಡುತ್ತಿತ್ತು. ಎಡಚಕ್ಕ ನಗಲಿಲ್ಲ. ಅವರು ನನ್ನನ್ನು ನೋಡುತ್ತಿರಲಿಲ್ಲ, ಗೇಟಿನ ಕಡೆ ನೋಡುತ್ತಿದ್ದರು. ಗಂಡ ಸೈಕಲ್ ಹತ್ತಿ, ಒಂದು ಸಲ ಬೆಲ್ ಬಾರಿಸಿ, ಗ್ಯಾರೇಜಿನ ಕಡೆ ಹೊರಟರು.

ಮೇಸ್ತ್ರಿ ತಲೆ ತಗ್ಗಿಸಿಕೊಂಡೇ ಹಾಜರಿ ಕೂಗಿದ. ಎಡಚಕ್ಕನ ಹೆಸರು ಬಂದಾಗ, “ಗ್ಯಾರೇಜು ಬೀದಿ,” ಎಂದ. ಅವರು “ಇದ್ದೀನಿ” ಎಂದರು. ಆ ಪ್ಯಾಂಟಿನ ಕಥೆಯನ್ನು ಎಲ್ಲರಿಗೂ ಹಂಚಿದ್ದ ಇಬ್ಬರು ಹೆಂಗಸರು ಹೋಗಿ ಅವರ ಪಕ್ಕ ನಿಂತು ಏನೋ ಕೇಳಿದರು. ಅವರು ಉತ್ತರ ಕೊಟ್ಟರು, ಮೂವರೂ ಹೊರಟರು. ನನ್ನ ಕಡೆ ಒಂದು ಮಾತೂ ಇಲ್ಲ, ಒಂದು ನೋಟವೂ ಇಲ್ಲ. ಯಾಕಿರಬೇಕು? ಅವರದನ್ನು ಅವರಿಗೆ ಕೊಟ್ಟದ್ದಕ್ಕೆ ಉಪಕಾರ ಸ್ಮರಣೆ ಯಾತರದು?

ತಪ್ಪು ಒಪ್ಪಿಕೊಂಡರೆ ಮನಸ್ಸು ಹಗುರವಾಗುತ್ತದೆ ಎಂದು ಕೇಳಿದ್ದೆ. ನಾನು ಅದಕ್ಕಾಗಿ ಸ್ವಲ್ಪ ಹೊತ್ತು ಅಲ್ಲೇ ಕಾದೆ. ಅಂಗಳ ಖಾಲಿಯಾಯಿತು, ದೀಪ ಆರಿತು. ಅಂಗಳ ಗುಡಿಸುವ ಮುದುಕ ಬಂದು ನನ್ನ ಕಾಲಿನ ಹತ್ತಿರ ಪೊರಕೆ ನಿಲ್ಲಿಸಿದ.

“ಸ್ವಲ್ಪ ಆಚೆ ನಿಲ್ಲಿ ಸಾರ್. ಗುಡಿಸಬೇಕು.”